ಸಫಾರಿಗೆ ಎಲ್ಲಿಗೆ ಅಂತ ಆಮೇಲೆ ನೋಡೋಣ, ಮೊದಲು ರಜೆ ಯಾವಾಗ ಹೇಳಿ

ಹೋದ ವಾರ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ್ದ. "ಭಾವ, ಆಫ್ರಿಕಾ ಸಫಾರಿಗೆ ಹೋಗೋಣ ಅಂತಿದೀವಿ. ಕೀನ್ಯಾನೋ, ತಾಂಜಾನಿಯಾನೋ? ಒಂದೇ ಮಾತಲ್ಲಿ ಹೇಳಿಬಿಡಿ."

"ರಜೆ ಯಾವಾಗ?" ಅಂದೆ.

"ಮಗಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಕೊನೆ. ಅದನ್ನ ಆಮೇಲೆ ನೋಡ್ಕೊಳ್ಳೋಣ ಭಾವ, ಮೊದಲು ದೇಶ ಹೇಳಿ."

ಆಮೇಲೆ ನೋಡ್ಕೊಳ್ಳೋಕೆ ಹೋಗಿ ಪೆಟ್ಟು ತಿಂದವನು ನಾನು. ಫೋನಲ್ಲಿ ಅರ್ಧ ಗಂಟೆ ಕೊರೆದೆ. ಅವನೊಬ್ಬನಿಗೇ ಯಾಕೆ ಹೇಳಬೇಕು ಅಂತ ಇಲ್ಲೂ ಬರೆಯುತ್ತಿದ್ದೇನೆ. ಈ ಪ್ರಶ್ನೆ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ, ಆರು ಗಂಟೆ ಹಾರಾಟ. ಮೊದಲಿನಷ್ಟು ದೂರದ ಮಾತಲ್ಲ.

ಪೂರ್ವ ಆಫ್ರಿಕಾದಲ್ಲಿ ಮಳೆಗಾಲ ಎರಡು. ಮಾರ್ಚ್ ಕೊನೆಯಿಂದ ಮೇ ತನಕ ದೊಡ್ಡ ಮಳೆ. ನವೆಂಬರ್ ಸುತ್ತಮುತ್ತ ಸಣ್ಣ ಮಳೆ. ಈಗ ನಮ್ಮ ಶಾಲೆಯ ಕ್ಯಾಲೆಂಡರ್ ಪಕ್ಕಕ್ಕೆ ಇಟ್ಟು ನೋಡಿ. ನಮ್ಮ ಬೇಸಿಗೆ ರಜೆ ಹೋಗಿ ಸರಿಯಾಗಿ ಅವರ ದೊಡ್ಡ ಮಳೆಯ ಮೇಲೆ ಕೂರುತ್ತದೆ. ಇದನ್ನು ಯಾವ ಪ್ಯಾಕೇಜ್ ಹಾಳೆಯಲ್ಲೂ ದಪ್ಪ ಅಕ್ಷರದಲ್ಲಿ ಹಾಕಿರುವುದಿಲ್ಲ. "ಗ್ರೀನ್ ಸೀಸನ್ ಆಫರ್" ಅಂತ ಇರುತ್ತದೆ, ಅಷ್ಟೇ.

2018ರ ಏಪ್ರಿಲ್ ಕೊನೆಯಲ್ಲಿ ನಾನು ಬಿದ್ದದ್ದು ಇಂಥದ್ದೇ ಆಫರಿಗೆ. ಟೂರ್ ಕಂಪನಿಯವರು ಏಳು ದಿನಕ್ಕೆ ಕೀನ್ಯಾದ ನಾಲ್ಕು ಜಾಗ ತುರುಕಿದ್ದರು. ಆಂಬೊಸೆಲಿ, ನೈವಾಶಾ, ನಕುರು, ಮಸಾಯ್ ಮಾರಾ. ನಾನು, ಹೆಂಡತಿ, ಮಗ, ಜೊತೆಗೆ ಅಮ್ಮ. ಆ ವರ್ಷವಂತೂ ಕೀನ್ಯಾದಲ್ಲಿ ಸುರಿದಿದ್ದೇ ಸುರಿದಿದ್ದು. ಆಂಬೊಸೆಲಿಗೆ ಎಲ್ಲರೂ ಹೋಗುವುದು ಆನೆಗಳ ಹಿಂದೆ ಕಿಲಿಮಂಜಾರೊ ನಿಂತಿರುವ ಆ ಫೋಟೋಗೆ. 5,895 ಮೀಟರ್ ಎತ್ತರದ ಬೆಟ್ಟ ಎರಡು ದಿನವೂ ಮೋಡದೊಳಗೇ ಇತ್ತು. ಮಗ "ನಿಜವಾಗ್ಲೂ ಅಲ್ಲಿ ಬೆಟ್ಟ ಇದೆಯಾ ಅಪ್ಪ?" ಅಂತ ಕೇಳಿದ. ಇದೆ ಕಣೋ, ಮ್ಯಾಪಲ್ಲಿದೆ ಅಂದೆ.

ಮಾರಾ ತಲುಪುವಾಗ ನಿಜವಾದ ಕಥೆ ಶುರುವಾಯಿತು. ನಾವು ಚಳ್ಳಕೆರೆ ಕಡೆಯವರು. ಎರೆ ಮಣ್ಣು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಣಗಿದಾಗ ಬಿರುಕು, ನೆನೆದಾಗ ಸಾಬೂನು. ಮಾರಾದಲ್ಲೂ ಬಹಳ ಕಡೆ ಅದೇ ಕಪ್ಪು ಎರೆ. ನಮಗೆ ಕೊಟ್ಟಿದ್ದು ಎರಡೇ ಚಕ್ರಕ್ಕೆ ಎಂಜಿನ್ ಬಲ ಹೋಗುವ ವ್ಯಾನ್. ಗೇಟಿನ ಹೊರಗೆ, ಕ್ಯಾಂಪಿಗೆ ಹೋಗುವ ಕಚ್ಚಾ ದಾರಿಯಲ್ಲಿ ಅದು ಮೊದಲು ಅಡ್ಡಡ್ಡ ಜಾರಿತು. ಆಮೇಲೆ ನಿಂತ ಜಾಗದಲ್ಲೇ ಗಿರ್ರನೆ ತಿರುಗುತ್ತಾ ಹಿಂದಿನ ಚಕ್ರ ಅರ್ಧದವರೆಗೂ ಇಳಿಯಿತು. ಡ್ರೈವರ್ ಶೂ ಬಿಚ್ಚಿ, ಪ್ಯಾಂಟ್ ಮಡಚಿ, ಚಕ್ರದ ಕೆಳಗೆ ಕಲ್ಲು ಕೊಡತೊಡಗಿದ. ಕೆಂಪು ಹೊದಿಕೆಯ, ಅಲ್ಲಿನ ಮಸಾಯ್ ಜನಾಂಗದ ಹುಡುಗರು ನಾಲ್ಕು ಜನ ಎಲ್ಲಿಂದಲೋ ಬಂದು ಕೈ ಹಾಕಿದರು. ಅಮ್ಮ ಕಿಟಕಿಯಿಂದ ತಲೆ ಹಾಕಿ, "ಹಸೀ ಎರೆಗೆ ಗಾಡಿ ಇಳಿಸಬಾರ್ದು ಅಂತ ಇವನಿಗೆ ಗೊತ್ತಿಲ್ವೇನೋ?" ಅಂದರು. ಅವನಿಗೆ ಗೊತ್ತಿತ್ತು ಪಾಪ. ಗೊತ್ತಿಲ್ಲದೆ ಇದ್ದದ್ದು ನನಗೆ. ಎರಡೂವರೆ ಗಂಟೆ ಹೋಯಿತು. ಸಂಜೆ ಸಫಾರಿ ಹೋಯಿತು. ಅದಕ್ಕೆ ಕಟ್ಟಿದ ದುಡ್ಡೂ ಹೋಯಿತು.

ಮರುದಿನ ಬೆಳಿಗ್ಗೆ ಬಿಸಿಲು ಬಂತು. ಅಲೆ ಅಲೆಯಾಗಿ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಜಾತಿಯ ಮರ. ಅಮ್ಮ ಬಹಳ ಹೊತ್ತು ಸುಮ್ನೆ ನೋಡಿ, "ಇದೇನೋ, ನಮ್ಮ ಕಾವಲು ಇದ್ದಂಗೇ ಐತೆ. ಇದನ್ನ ನೋಡಕ್ಕೆ ಇಷ್ಟು ದುಡ್ಡು ಸುರಿದ್ಯಾ?" ಅಂದರು. ಅಮೃತಮಹಲ್ ಕಾವಲು ನೋಡಿ ಬೆಳೆದವರು ಹಾಗನ್ನದೆ ಇನ್ನೇನು ಅಂದಾರು! ಆ ಹುಲ್ಲಿನ ನಡುವಿನಿಂದ ಆರು ಹೆಣ್ಣುಸಿಂಹ ಒಂದರ ಹಿಂದೊಂದು ಎದ್ದು, ಒದ್ದೆ ಹುಲ್ಲು ಮೈಗೆ ತಾಗಬಾರದು ಅಂತ ನಮ್ಮ ರಸ್ತೆಗೇ ಬಂದು ಮಲಗಿದ ಮೇಲೆ ಮಾತು ನಿಂತಿತು. ಸುತ್ತ ಇನ್ನೊಂದು ಗಾಡಿ ಇರಲಿಲ್ಲ. ಏಪ್ರಿಲ್‌ನಲ್ಲಿ ಅದೊಂದು ಸುಖ ಇದೆ, ಸುಳ್ಳು ಹೇಳಬಾರದು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಲ್ಯಾಂಡ್ ಕ್ರೂಸರ್ ಇದ್ದರೆ, ತಾಳ್ಮೆ ಇದ್ದರೆ, ಒಂದೇ ಜಾಗದಲ್ಲಿ ನಾಲ್ಕು ದಿನ ಕೂರುವುದಾದರೆ ಮಳೆಯಲ್ಲೂ ಹೋಗಬಹುದು. ವ್ಯಾನಿನಲ್ಲಿ, ದಿನಕ್ಕೊಂದು ಊರು ಅಂತ ಮಾತ್ರ ಬೇಡ.

ಈಗ ವೈಲ್ಡ್‌ಬೀಸ್ಟ್ ವಿಷಯಕ್ಕೆ ಬರೋಣ. ದನದ ಹಾಗೆ ಕಾಣುವ, ಕೋಡಿರುವ ಜಿಂಕೆ ಜಾತಿಯ ಪ್ರಾಣಿ ಅದು. ಎಲ್ಲರ ತಲೆಯಲ್ಲಿರುವುದು ಅದರ ಹಿಂಡು ನದಿ ದಾಟುವ ವಿಡಿಯೋ. "ಮೈಗ್ರೇಶನ್ ಯಾವಾಗ ಶುರುವಾಗುತ್ತೆ?" ಅಂತ ಕೇಳುತ್ತಾರೆ, ಜಾತ್ರೆ ದಿನಾಂಕ ಕೇಳಿದ ಹಾಗೆ. ಈ ವಲಸೆ ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ವರ್ಷವಿಡೀ ಸುತ್ತುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ದಕ್ಷಿಣದ ಬಯಲಲ್ಲಿ. ಮೇ, ಜೂನ್‌ನಲ್ಲಿ ಪಶ್ಚಿಮಕ್ಕೆ, ಗ್ರುಮೆಟಿ ಕಡೆ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ, ಮಾರಾ ನದಿಯ ಆಚೆ ಈಚೆ. ಅಂದರೆ ವರ್ಷದ ಬಹುಪಾಲು ಅವು ಇರುವುದು ತಾಂಜಾನಿಯಾದಲ್ಲಿ. ಕೀನ್ಯಾಕ್ಕೆ ಬರುವುದು ನಾಲ್ಕು ತಿಂಗಳ ನೆಂಟರಾಗಿ.

ನಮ್ಮ ಆಫೀಸಿನ ಗೆಳೆಯನೊಬ್ಬ ಆಗಸ್ಟ್‌ನಲ್ಲಿ ಮಾರಾಕ್ಕೆ ಹೋಗಿದ್ದ. ಮೂರು ದಿನ ನದಿ ದಂಡೆಯಲ್ಲಿ ಕಾದ. ಹಿಂಡು ನೀರಿನ ತನಕ ಬರುವುದು, ಮುಂದಿನದು ಏನೋ ನೋಡಿ ಬೆದರುವುದು, ಎಲ್ಲವೂ ವಾಪಸ್ ಓಡುವುದು. ಮೂರನೇ ದಿನ ಮಧ್ಯಾಹ್ನ ದಾಟಿದವಂತೆ. ಅವನ ವಿಡಿಯೋ ನಾನು ನೋಡಿದ್ದೇನೆ. ಮೊದಲ ಅರ್ಧ ನಿಮಿಷ ಬರೀ ಜೀಪುಗಳ ಹಿಂಭಾಗ, ಒಬ್ಬರ ಅಗಲದ ಟೋಪಿ, ಧೂಳು. ಆಮೇಲೆ ಹತ್ತು ಸೆಕೆಂಡ್ ನೀರು. ಅವನಿಗೆ ಖುಷಿಯಾಗಿದೆ, ನಾನು ಕಿತ್ತುಕೊಳ್ಳಲ್ಲ. ಆದರೆ ನನ್ನ ದುಡ್ಡಾದರೆ ಅದಕ್ಕೆ ಹಾಕಲ್ಲ.

ನಾನು ಹಾಕಿದ್ದು ಫೆಬ್ರವರಿಗೆ. 2023ರಲ್ಲಿ ನಾನು, ಹೆಂಡತಿ ಇಬ್ಬರೇ ತಾಂಜಾನಿಯಾಕ್ಕೆ ಹೋದೆವು. ಅರೂಷಾ ಪಟ್ಟಣದಿಂದ ಹೊರಟು, ಗೊರೊಂಗೊರೊ ಎಂಬ ಜ್ವಾಲಾಮುಖಿ ಕುಳಿ ದಾಟಿ, ಆ ದಕ್ಷಿಣದ ಬಯಲಿನ ಎನ್‌ಡುಟು ಅನ್ನುವ ಕಡೆ ನಾಲ್ಕು ರಾತ್ರಿ ಇದ್ದೆವು. ಹಳೆಯ ಜ್ವಾಲಾಮುಖಿಗಳ ಬೂದಿ ಬಿದ್ದ ನೆಲ ಅದು. ಹುಲ್ಲು ಗಿಡ್ಡ, ಆದರೆ ಅದರಲ್ಲಿ ಸುಣ್ಣದ ಅಂಶ, ರಂಜಕ ಎರಡೂ ಚೆನ್ನಾಗಿದೆ. ಬಾಣಂತಿಗೆ ಬೇಕಾದ ಮೇವು. ಅದಕ್ಕೇ ವೈಲ್ಡ್‌ಬೀಸ್ಟ್‌ಗಳು ಅಲ್ಲಿಗೆ ಬಂದು ಈಯುತ್ತವೆ. ಎರಡು ಮೂರು ವಾರದೊಳಗೆ ಲಕ್ಷಗಟ್ಟಲೆ ಕರುಗಳು. ಎಲ್ಲವೂ ಒಟ್ಟಿಗೆ ಹುಟ್ಟಿದರೆ ಸಿಂಹ, ಕತ್ತೆಕಿರುಬ ತಿಂದು ತಿಂದು ಎಷ್ಟು ತಿಂದಾವು, ಅದೇ ಅವುಗಳ ಲೆಕ್ಕ.

ಎರಡನೇ ದಿನ ಬೆಳಿಗ್ಗೆ ಡ್ರೈವರ್ ಎಂಜಿನ್ ಆಫ್ ಮಾಡಿ ಬೆರಳು ತೋರಿಸಿದ. ಒಂದು ಹೆಣ್ಣು ಮಲಗುತ್ತಿತ್ತು, ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು. ಹಿಂದೆ ಎರಡು ಸಣ್ಣ ಕಾಲು ಕಾಣುತ್ತಿತ್ತು. ಊರಲ್ಲಿ ಹಸು ಈಯುವುದನ್ನು ನೋಡಿದ್ದರೂ ಉಸಿರು ಬಿಗಿಹಿಡಿದು ಕೂತೆ. ಕರು ಬಿತ್ತು. ಹೆಂಡತಿ ವಾಚ್ ನೋಡತೊಡಗಿದಳು. ಕರು ಎದ್ದಿತು, ಮುಂಗಾಲು ಮಡಚಿ ಮೂತಿ ಊರಿ ಬಿತ್ತು. ಮತ್ತೆ ಎದ್ದಿತು, ಪಕ್ಕಕ್ಕೆ ವಾಲಿತು. ಈದ ಮೇಲೆ ಬೀಳುವ ಕಸ ತಿನ್ನೋಕೆ ಎರಡು ನರಿಗಳು ಆಗಲೇ ಬಂದು ಕೂತಿದ್ದವು. ತಾಯಿ ತಲೆ ತಗ್ಗಿಸಿ ಒಂದು ಸಲ ನುಗ್ಗಿತು, ಅವು ನಾಲ್ಕು ಹೆಜ್ಜೆ ಸರಿದು ಮತ್ತೆ ಕೂತವು. "ಏಳು ನಿಮಿಷ" ಅಂದಳು ಇವಳು. ಅಷ್ಟರಲ್ಲಿ ಕರು ನಿಂತು, ನಡುಗುತ್ತಾ, ಕೆಚ್ಚಲು ಹುಡುಕುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ತಾಯಿಯ ಪಕ್ಕಕ್ಕೆ ಓಡುತ್ತಿತ್ತು. ನಮ್ಮ ಜೊತೆ ಅಲ್ಲಿ ಇದ್ದದ್ದು ಇನ್ನೊಂದೇ ಗಾಡಿ.

ಅದೇ ಸಂಜೆ ಚೀತಾ ನೋಡಿದೆವು. ಕನ್ನಡದಲ್ಲಿ ಚೀತಾಗೆ ಸಿವಂಗಿ ಎಂಬ ಹೆಸರಿದೆ, ಎಷ್ಟು ಚೆಂದದ ಪದ ಅಲ್ವಾ? ನಾವು ಮಾತ್ರ ಚಿರತೆಗೂ ಚೀತಾಗೂ ಒಂದೇ ಹೆಸರು ಹಿಡಿದು ಜಗಳ ಆಡುತ್ತಿರುತ್ತೇವೆ.

ಹಾಗಂತ ತಾಂಜಾನಿಯಾ ಎಲ್ಲರಿಗೂ ಅಂತ ನಾನು ಹೇಳಲ್ಲ. ಮಸಾಯ್ ಮಾರಾ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್. ಸೆರೆಂಗೆಟಿ 14,763. ಹತ್ತಿರ ಹತ್ತಿರ ಹತ್ತು ಪಟ್ಟು. ಇದು ಬರೀ ಅಂಕಿ ಅಲ್ಲ, ನಿಮ್ಮ ಸೊಂಟಕ್ಕೆ ಸಂಬಂಧಪಟ್ಟ ವಿಷಯ. ಮಾರಾದಲ್ಲಿ ಮೂರು ದಿನ ಸುತ್ತಿದರೆ ಸಿಂಹ, ಆನೆ, ಜಿರಾಫೆ ಎಲ್ಲ ಹತ್ತಿರದಲ್ಲೇ ಸಿಗುವ ಸಾಧ್ಯತೆ ಚೆನ್ನಾಗಿದೆ. ಅರೂಷಾದಿಂದ ಸೆರೆಂಗೆಟಿಯ ನಡುಭಾಗ ಮುಟ್ಟುವುದಕ್ಕೇ ಹೆಚ್ಚುಕಮ್ಮಿ ಒಂದು ದಿನ ಬೇಕು, ಅದರಲ್ಲೂ ಕಲ್ಲುಮಣ್ಣಿನ ರಸ್ತೆ. ಡ್ರೈವರುಗಳು ಅದಕ್ಕೆ "ಆಫ್ರಿಕನ್ ಮಸಾಜ್, ಫ್ರೀ" ಅಂತ ತಮಾಷೆ ಮಾಡುತ್ತಾರೆ. ನನ್ನ ಅಮ್ಮನಿಗೆ ಆ ತಮಾಷೆ ಹಿಡಿಸುತ್ತಿರಲಿಲ್ಲ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ, ಐದಾರು ದಿನ ಮಾತ್ರ ರಜೆ ಇದ್ದರೆ, ಕೀನ್ಯಾನೇ ಸರಿ.

ಎರಡೂ ದೇಶ ಒಂದೇ ವಾರದಲ್ಲಿ ಅಂತ ಹೇಳುವ ಪ್ಯಾಕೇಜ್ ಕಂಡರೆ ದೂರದಿಂದಲೇ ಕೈ ಮುಗಿಯಿರಿ. ಮಾರಾ, ಸೆರೆಂಗೆಟಿ ಮ್ಯಾಪಲ್ಲಿ ಅಂಟಿಕೊಂಡಿವೆ ನಿಜ. ಆದರೆ ಪ್ರವಾಸಿಗಳಿಗೆ ನಡುವೆ ದಾರಿ ಬಿಟ್ಟಿಲ್ಲ. ಇಸೆಬಾನಿಯಾ ಅನ್ನುವ ಗಡಿ ಊರಿನ ಕಡೆ ಸುತ್ತಿಕೊಂಡು, ಗಡಿಯಲ್ಲಿ ಇಳಿದು, ಗಾಡಿ ಬದಲಿಸಿ ಹೋಗಬೇಕು. ಒಂದಿಡೀ ದಿನ ಅದಕ್ಕೇ ಕೊಡಬೇಕು. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ ಒಂದು ವೀಸಾ ಇದೆ, ಅದರಲ್ಲಿ ತಾಂಜಾನಿಯಾ ಇಲ್ಲ.

ದುಡ್ಡಿನ ಮಾತು. ಮಾರಾದಲ್ಲಿ ವಿದೇಶಿಯರಿಗೆ 2024ರಿಂದ ಗೇಟ್ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಗಂಡ ಹೆಂಡತಿ ಇಬ್ಬರೇ ಆಗಸ್ಟ್‌ನಲ್ಲಿ ಹೋದರೂ ದಿನ ಬೆಳಗಾದರೆ 400 ಡಾಲರ್ ಗೇಟಿಗೇ. ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ. ತಾಂಜಾನಿಯಾದಲ್ಲಿ ತಲೆಗೆ ಇದಕ್ಕಿಂತ ಕಮ್ಮಿ. ಆದರೆ ಗೊರೊಂಗೊರೊ ಕುಳಿಯೊಳಗೆ ಇಳಿಯೋಕೆ ಗಾಡಿಗೇ ಬೇರೆ ಶುಲ್ಕ ಜಡಿಯುತ್ತಾರೆ. ಕೊಟೇಶನ್‌ನಲ್ಲಿ ಇದೆಲ್ಲ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಆ ಕುಳಿಯನ್ನು ತಪ್ಪಿಸಬೇಡಿ ಮಾತ್ರ. ಸುಮಾರು 600 ಮೀಟರ್ ಆಳದ ಬೋಗುಣಿ, ತಳದಲ್ಲಿ ಖಡ್ಗಮೃಗ ಕೂಡ ಇದೆ. ಜಿರಾಫೆ ಮಾತ್ರ ಇಲ್ಲ, ಅಷ್ಟು ಕಡಿದಾದ ಗೋಡೆ ಇಳಿದು ಅವು ಬರುವುದಿಲ್ಲ ಅಂತ ಅಲ್ಲಿನವರು ಹೇಳುತ್ತಾರೆ.

ಗೊರಿಲ್ಲಾ ಬೇಕು ಅನ್ನುವವರಿಗೆ ಲೆಕ್ಕವೇ ಬೇರೆ. ಉಗಾಂಡಾದಲ್ಲಿ ಪರ್ಮಿಟ್ 800 ಡಾಲರ್, ರುವಾಂಡಾದಲ್ಲಿ 1,500. ಗೊರಿಲ್ಲಾ ಸಿಕ್ಕ ಮೇಲೆ ಒಂದು ಗಂಟೆ, ಗುಂಪಿಗೆ ಎಂಟು ಜನ, 15 ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ನಾನು ಹೋಗಿಲ್ಲ, ಮಂಡಿ ಗಟ್ಟಿ ಇದ್ದವರು ಹೋಗಿ ಬಂದು ಬರೆಯಿರಿ.

ಮತ್ತೆ ರಜೆಗೆ ಬರುತ್ತೇನೆ. ದಸರಾ ರಜೆಯಾದರೆ ನನ್ನ ಓಟು ಆನೆಗಳಿಗೆ. ಅಕ್ಟೋಬರ್ ಒಣ ಕಾಲದ ಕೊನೆ. ನೀರು ಉಳಿದಿರುವ ಕಡೆ ಎಲ್ಲ ಪ್ರಾಣಿಗಳೂ ಬಂದು ಸೇರುತ್ತವೆ. ತಾಂಜಾನಿಯಾದ ತರಂಗಿರೆ ನದಿ, ಕೀನ್ಯಾದ ಆಂಬೊಸೆಲಿಯ ಜೌಗು, ಎರಡರಲ್ಲಿ ಯಾವುದಾದರೂ ಸರಿ. ಆ ಜೌಗಿಗೆ ಕಿಲಿಮಂಜಾರೊದ ನೀರೇ ನೆಲದಡಿಯಲ್ಲಿ ಹರಿದು ಬರುತ್ತದೆ, ಬೆಟ್ಟ ಕಾಣದಿದ್ದರೂ ಅದರ ನೀರಂತೂ ನೋಡಿದ ಹಾಗಾಯಿತು. ತರಂಗಿರೆಗೆ ಹೋಗುವವರು ಕಡುನೀಲಿ, ಕಪ್ಪು ಬಟ್ಟೆ ಹಾಕಬೇಡಿ. ಟ್ಸೆಟ್ಸೆ ನೊಣಕ್ಕೆ ಆ ಬಣ್ಣ ಇಷ್ಟ, ಜೀನ್ಸ್ ಮೇಲಿಂದಲೇ ಚುಚ್ಚುತ್ತದೆ.

ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವವರಿಗೂ ಒಂದು ಮಾತು. ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಡಬ್ಬಿ, ಬಟ್ಟೆ ಚೀಲ ಬಳಸಿ. ಯೆಲ್ಲೋ ಫೀವರ್ ಚುಚ್ಚುಮದ್ದು ಹೊರಡುವ 10 ದಿನ ಮೊದಲೇ ಆಗಿರಬೇಕು. ಕೀನ್ಯಾ, ಉಗಾಂಡಾದಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಆ ಚುಚ್ಚುಮದ್ದಿನ ಕಾರ್ಡ್ ಕೇಳುತ್ತಾರೆ. 60 ದಾಟಿದವರು ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಊಟಕ್ಕೆ ಹೆದರಬೇಡಿ. ಚಪಾತಿ, ಚಾಯ್ ಎರಡೂ ಅಲ್ಲಿಯ ಮಾತಲ್ಲೂ ಅದೇ ಹೆಸರು. ಮಾರಾದ ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ಅಡುಗೆಯವನು ಕಂದು ಬಣ್ಣದ ಗಂಜಿ ತಂದಿಟ್ಟ. "ಉಜಿ, ವಿಂಬಿ ಉಜಿ" ಅಂದ. ಅಮ್ಮ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಲೋ, ಇದು ರಾಗಿ ಅಂಬಲಿ ಕಣೋ!" ಹೌದು, ವಿಂಬಿ ಅಂದರೆ ರಾಗಿ. ರಾಗಿಯ ತವರೇ ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲ, ಸಾವಿರಾರು ವರ್ಷದ ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ಅಮ್ಮ ಊರಿಗೆ ಬಂದ ಮೇಲೆ ಸಿಂಹದ ಕಥೆಗಿಂತ ಈ ಕಥೆಯನ್ನೇ ಜಾಸ್ತಿ ಹೇಳಿದರು.

ಭಾವಮೈದುನನಿಗೆ ಇಷ್ಟೆಲ್ಲ ಹೇಳಿ ಕೊನೆಗೆ, "ನೋಡಪ್ಪ, ಏಪ್ರಿಲ್ ಮೇ ಬಿಟ್ಟರೆ ಬೇರೆ ರಜೆ ಇಲ್ಲ ಅನ್ನೋದಾದ್ರೆ ಸಮುದ್ರ ದಾಟಲೇಬೇಡ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಆನೆ ಹಿಂಡುಗಳು ಹುಲ್ಲಿಗೆ ಬರ್ತವೆ, ಅದನ್ನ ನೋಡೋಕೆ ಹೊರದೇಶದವರೇ ಇಲ್ಲಿಗೆ ಬರ್ತಾರೆ. ಆಫ್ರಿಕಾ ದಸರಾಗೆ ಇಟ್ಕೋ" ಅಂದೆ. ಯೋಚನೆ ಮಾಡ್ತೀನಿ ಭಾವ ಅಂದ. ರಾತ್ರಿ ವಾಟ್ಸಾಪ್ ಬಂತು: "ದಸರಾಗೆ ನಮ್ಮ ಮಾವನ ಮನೆಯವರೆಲ್ಲ ಮೈಸೂರಿಗೆ ಬರ್ತಾರಂತೆ. ಮೇನಲ್ಲಿ ಕಬಿನಿಯಲ್ಲಿ ರೂಮ್ ಸಿಗುತ್ತಾ ಭಾವ?"