ಈರುಳ್ಳಿ ಮತ್ತು ಹದಿನಾಲ್ಕನೇ ನಂಬರು

ಆಮ್‌ಸ್ಟರ್‌ಡ್ಯಾಮಿಗೆ ಬಂದ ಎರಡನೇ ವಾರ ಕ್ಷೌರಕ್ಕೆ ಹೋಗಿದ್ದೆ. ಕತ್ತರಿಯಾಡಿಸುತ್ತಾ ಆತ, "ಫುಟ್‌ಬಾಲ್ ನೋಡ್ತೀರಾ?" ಅಂದ. ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು, ಮರ್ಯಾದೆ ಉಳಿಸಿಕೊಳ್ಳಲು, "ಓಹೋ, ಕ್ರೂಫ್!" ಅಂದೆ.

ಕತ್ತರಿ ಕಿವಿಯ ಪಕ್ಕದಲ್ಲೇ ನಿಂತುಬಿಟ್ಟಿತು. "ಯಾರು?" ಪಕ್ಕದ ಕುರ್ಚಿಯ ಅಜ್ಜ ಮುಖದ ನೊರೆ ಸಮೇತ ನನ್ನತ್ತ ತಿರುಗಿದರು. ಆಮೇಲೆ ಹತ್ತು ನಿಮಿಷ ಇಡೀ ಅಂಗಡಿ ನನಗೆ ಡಚ್ಚರ ಮಹಾ ಫುಟ್‌ಬಾಲ್ ಆಟಗಾರ ಯೋಹಾನ್ ಕ್ರಾಯ್ಫ್ ಹೆಸರನ್ನು ಮಗ್ಗಿ ಹೇಳಿಸಿದಂತೆ ಹೇಳಿಸಿತು. ನನ್ನ ಅರ್ಧ ತಲೆ ಹಾಗೇ ಕಾಯುತ್ತಿತ್ತು.

ತೊಂದರೆ ಇರುವುದು ನಡುವಿನ ಸ್ವರದಲ್ಲಿ. 'ಔ' ಅನ್ನಲು ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ 'ಐ' ಕಡೆ ಹೊರಳಬೇಕು. ಡಚ್ಚಿನಲ್ಲಿ ಈರುಳ್ಳಿಗೆ ಹೆಸರೇ ಆ ಒಂದು ಸ್ವರ. ಹಾಗಾಗಿ ಸಂತೆಯಲ್ಲಿ ನಾನು ಮೂಗನಂತೆ ಬೆರಳು ತೋರಿಸಿಯೇ ಈರುಳ್ಳಿ ಕೊಳ್ಳುತ್ತಿದ್ದೆ.

ಈ ಮನುಷ್ಯ ಆಟ ಬಿಟ್ಟದ್ದು 1984ರಲ್ಲಿ, ಜೀವ ಬಿಟ್ಟದ್ದು 2016ರಲ್ಲಿ. ಊರು ಮಾತ್ರ ಇನ್ನೂ ಬಿಟ್ಟಿಲ್ಲ. 2018ರಿಂದ ಕ್ರೀಡಾಂಗಣಕ್ಕೆ ಅವನದೇ ಹೆಸರು. ಅವನ 14ನೇ ನಂಬರಿನ ಅಂಗಿಯನ್ನು ಇಲ್ಲಿನ ಅಯಾಕ್ಸ್ ತಂಡ 2007ರಿಂದ ಯಾರಿಗೂ ಕೊಡುತ್ತಿಲ್ಲ. 1974ರ ವಿಶ್ವಕಪ್ಪಿನಲ್ಲಿ ಡಚ್ ತಂಡದ ಮಿಕ್ಕವರು ಅಡಿಡಾಸ್‌ನ ಮೂರು ಪಟ್ಟಿಯ ಅಂಗಿ ತೊಟ್ಟರೆ, ಅದರ ಎದುರಾಳಿ ಕಂಪನಿ ಪೂಮಾದ ಜೊತೆ ಒಪ್ಪಂದವಿದ್ದ ಇವನ ತೋಳಿನಲ್ಲಿ ಎರಡೇ ಪಟ್ಟಿ. (ನಮ್ಮ ಆಫೀಸಿನಲ್ಲಿ ಐಡಿ ಕಾರ್ಡಿನ ದಾರದ ಬಣ್ಣ ಬದಲಿಸಲೂ ಬಿಡುವುದಿಲ್ಲ.) ಆ ಸಲ ಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿ 2-1ರಿಂದ ಗೆದ್ದಿತು. ಕಪ್ಪು ಅತ್ತ ಹೋಯಿತು, ಕಥೆಯೆಲ್ಲ ಇತ್ತ ಉಳಿಯಿತು.

ಅದರಲ್ಲೂ ಆ ತಿರುವಿನ ಕಥೆ. ಪಾಸ್ ಕೊಡುವವನಂತೆ ಕಾಲೆತ್ತಿ, ಚೆಂಡನ್ನು ಊರಿದ ಕಾಲಿನ ಹಿಂದಿನಿಂದ ಎಳೆದು, ಗರಕ್ಕನೆ ತಿರುಗಿ ಓಡುವುದು. ಅದೇ ವಿಶ್ವಕಪ್ಪಿನ ಇನ್ನೊಂದು ಪಂದ್ಯದಲ್ಲಿ ಸ್ವೀಡನ್ನಿನ ಯಾನ್ ಓಲ್ಸನ್ ಅತ್ತ ನೋಡುತ್ತಿದ್ದಾಗಲೇ ಇವನು ಇತ್ತ ಹಾರಿಹೋಗಿದ್ದ. ತಮಾಷೆಯೆಂದರೆ ಆ ಪಂದ್ಯ ಮುಗಿದದ್ದು 0-0ರಲ್ಲಿ!

ನಮ್ಮ ಬೀದಿಯ ಕೊನೆಯಲ್ಲಿ ಒಂದು ಪುಟ್ಟ 'ಕ್ರಾಯ್ಫ್ ಕೋರ್ಟ್' ಇದೆ. ಅವನ ಪ್ರತಿಷ್ಠಾನ ಮಕ್ಕಳಿಗೆಂದು ಕಟ್ಟಿಸಿದ ಮೈದಾನ. ಅಲ್ಲಿ ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗ ಆ ತಿರುವನ್ನು ನೀರು ಕುಡಿದಷ್ಟು ಸಲೀಸಾಗಿ ತೋರಿಸಿದ. ನೋಡಿಕೊಂಡು ಸುಮ್ಮನೆ ಮನೆಗೆ ಬರಬೇಕಿತ್ತು. ಚೆಂಡು ತಿರುಗಿತು, ಸೊಂಟ ತಿರುಗಿತು, ಎಡಗಾಲಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.

ಡಾಕ್ಟರು ಊದಿದ ಪಾದ ಹಿಡಿದು, "ಹೇಗಾಯ್ತು?" ಅಂದರು.

"ಕ್ರೂಫ್..."

"ಯಾರು?" ಎನ್ನುತ್ತಾ ಪಾದವನ್ನು ಮೆಲ್ಲಗೆ ತಿರುಗಿಸಿದರು.

"ಕ್ರಾಆಯ್ಫ್!"

"ಹಾಂ, ಈಗ ಸರಿಯಾಯ್ತು" ಅಂದರು. ಕಾಲೋ ಉಚ್ಚಾರವೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕುಂಟುತ್ತಾ ಬರುವಾಗ ಸಂತೆಯಲ್ಲಿ ಎರಡು ಕಿಲೋ ಈರುಳ್ಳಿ ಕೊಂಡೆ, ಹೆಸರು ಹೇಳಿಯೇ.