ಸತ್ಯಾಂಶ: ಹಳೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಹಾಕಿದರೆ ಬೆಂಕಿ ಹತ್ತುತ್ತದಾ?

‘ಹಳೇ ಹೋಲ್ಡರ್‌ಗೆ ಎಲ್‌ಇಡಿ ಹಾಕಬೇಡಿ, ವೈರ್ ಸುಟ್ಟುಹೋಗುತ್ತದೆ, ಮೊದಲು ವೈರಿಂಗ್ ಪೂರ್ತಿ ಬದಲಾಯಿಸಿ’ ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜ ಅಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿರುವ ಹಿರಿಯರು ಇದನ್ನು ಓದಿ ಸುಮ್ನೆ ಹೆದರಬಾರದು.

ಹಳೇ 60 ವ್ಯಾಟ್ ಬಲ್ಬ್ ಕೊಡುತ್ತಿದ್ದಷ್ಟು ಬೆಳಕನ್ನು ಸುಮಾರು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಅಂದರೆ ವೈರ್ ಮೇಲಿನ ಹೊರೆ ಕಡಿಮೆಯೇ ಆಗುತ್ತದೆ, ಜಾಸ್ತಿ ಅಲ್ಲ. ಎರಡು ಪಿನ್ ಒತ್ತಿ ತಿರುಗಿಸುವ ಅದೇ ಹೋಲ್ಡರ್‌ಗೆ ಇದೂ ಕೂರುತ್ತದೆ. ನಮ್ಮ ವರಾಂಡದ ಹೋಲ್ಡರ್ ಒಳಗೆ ಕಪ್ಪಗಾಗಿತ್ತು. ಅದು ವರ್ಷಗಟ್ಟಲೆ ಉರಿದ ಹಳೇ ಬಲ್ಬಿನ ಕಾವು. ಹಾಗೆ ಸುಟ್ಟಿದ್ದರೆ, ಬಿರುಕು ಬಿಟ್ಟಿದ್ದರೆ, ಪಿನ್ ಸಡಿಲವಾಗಿದ್ದರೆ ಆ ಹೋಲ್ಡರ್ ಒಂದನ್ನು ಬದಲಾಯಿಸಿದರೆ ಸಾಕು.

ನಿಜವಾಗಿ ಗಮನಿಸಬೇಕಾದ್ದು ಬೇರೆ. ಗಾಳಿ ಆಡದ, ಪೂರ್ತಿ ಮುಚ್ಚಿದ ಗಾಜಿನ ಶೇಡ್ ಒಳಗೆ ಹಾಕಿದರೆ ಎಲ್‌ಇಡಿಯ ಬಿಸಿ ಹೊರಗೆ ಹೋಗುವುದಿಲ್ಲ, ಬಲ್ಬ್ ಬೇಗ ಕೆಡುತ್ತದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇದ್ದರೆ, ಅದಕ್ಕೆ ಹೊಂದುತ್ತದೆ ಅಂತ ಡಬ್ಬಿ ಮೇಲೆ ಬರೆದಿರುವ ಬಲ್ಬನ್ನೇ ಕೇಳಿ ತನ್ನಿ. ಹಳೇ ಟ್ಯೂಬ್‌ಲೈಟ್ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕುವ ವಿಷಯ ಮಾತ್ರ ಬೇರೆ: ಒಳಗೆ ಚೋಕ್ ಇರುವುದರಿಂದ ಎಲೆಕ್ಟ್ರಿಷಿಯನ್ ಕರೆಸುವುದೇ ಒಳ್ಳೆಯದು. ಬಲ್ಬ್ ಯಾವುದೇ ಇರಲಿ, ಸ್ವಿಚ್ ಆರಿಸಿಯೇ ಕೈ ಹಾಕಿ.