ಏನನ್ನೂ ಹಂಚದ ಯೋಜನೆ

ಹೆಣ್ಣುಮಕ್ಕಳ ಯೋಜನೆ ಅಂದರೆ ಏನಾದರೂ ಹಂಚಲೇಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಸಾಲ, ಹೊಲಿಗೆ ಯಂತ್ರ, ಖಾತೆಗೆ ದುಡ್ಡು. ಆದರೆ ಏನನ್ನೂ ಹಂಚದ ಒಂದು ಸರ್ಕಾರಿ ಕಾರ್ಯಕ್ರಮ ನಮ್ಮ ಹಳ್ಳಿಗಳಲ್ಲೇ ನಡೆದಿತ್ತು. ಮಹಿಳಾ ಸಮಖ್ಯಾ.

1986ರ ಶಿಕ್ಷಣ ನೀತಿಯ ಬೆನ್ನಿಗೆ ಹುಟ್ಟಿದ್ದು. ನಮ್ಮಲ್ಲಿ ಮೊದಲು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಯಿತು. ದುಡ್ಡು ಸರ್ಕಾರದ್ದು, ಅದಕ್ಕೆ ನೆದರ್‌ಲೆಂಡ್ಸ್ ನೆರವು. ಆದರೆ ಇಲಾಖೆಯೊಳಗೆ ಸೇರಿಸದೆ ಬೇರೆ ಸೊಸೈಟಿ ಮಾಡಿದರು. ಕರ್ನಾಟಕದಲ್ಲಿ ಅದನ್ನು ಮೊದಲು ಮುನ್ನಡೆಸಿದ ಶ್ರೀಲತಾ ಬಾಟ್ಲಿವಾಲಾ ಮಹಿಳಾ ಚಳವಳಿಯಿಂದ ಬಂದವರು, ಐಎಎಸ್ ಅಧಿಕಾರಿಯಲ್ಲ.

ಸುಮಾರು ಹತ್ತು ಹಳ್ಳಿಗೆ ಒಬ್ಬಳು ಸಹಯೋಗಿನಿ, ಅಂದರೆ ಹೆಂಗಸರನ್ನು ಸೇರಿಸಿ ಸಂಘ ಕಟ್ಟುವ ಕಾರ್ಯಕರ್ತೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: 'ಏನ್ ಕೊಡ್ತೀರವ್ವಾ?' ಏನೂ ಕೊಡಲ್ಲ, ಕೂತು ಮಾತಾಡೋಣ ಅಂತ ಇವಳು ಹೇಳಬೇಕು. ಎಮ್ಮೆ ಸಾಲವೂ ಇಲ್ಲ, ಮನೆಯೂ ಇಲ್ಲ ಅಂದಮೇಲೆ ಎಷ್ಟೋ ಜನ ಎದ್ದು ಹೋಗುತ್ತಿದ್ದರು. ಉಳಿದವರು ದಲಿತರು, ಕೂಲಿ ಹೆಂಗಸರು. ಕೆಲಸ ಮುಗಿಸಿ ರಾತ್ರಿ ಸೇರುತ್ತಿದ್ದರು. ಬೋರ್‌ವೆಲ್ ಯಾಕೆ ಕೆಟ್ಟಿದೆ, ಕೂಲಿ ಯಾಕೆ ಕಡಿಮೆ, ಗಂಡ ಯಾಕೆ ಹೊಡೀತಾನೆ ಅಂತ ಮಾತು ಬೆಳೆಯುತ್ತಿತ್ತು. ಯಾವ ಕೆಲಸ ಯಾವಾಗ ಅನ್ನೋದನ್ನು ಸಂಘದವರೇ ತೀರ್ಮಾನಿಸಬೇಕು, ಅವರನ್ನು ಅವಸರಪಡಿಸಬಾರದು. ಇದು ಕಾರ್ಯಕ್ರಮದ ಲಿಖಿತ ನಿಯಮವೇ ಆಗಿತ್ತು. ಟಾರ್ಗೆಟ್ ಇಲ್ಲದ ಸರ್ಕಾರಿ ಕಾಗದವನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಹಾಗೆ ಕೂತೆದ್ದವರೇ ಮುಂದೆ ಬಾಲ್ಯವಿವಾಹ ತಡೆದರು, ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ಪ್ರಶ್ನಿಸಿದರು, ಪಂಚಾಯಿತಿ ಚುನಾವಣೆಗೆ ನಿಂತರು. ಸರ್ಕಾರದ ದುಡ್ಡಲ್ಲೇ ಸರ್ಕಾರಿ ಕಚೇರಿಗೆ ಪ್ರಶ್ನೆ ಹೋಗುತ್ತಿತ್ತು! ಒಮ್ಮೆ ತಾಲ್ಲೂಕು ಕಚೇರಿಯಲ್ಲಿ ಒಬ್ಬ ಸಂಘದಕ್ಕನನ್ನು ನೋಡಿದ್ದೆ. ಗುಮಾಸ್ತ 'ನಾಳೆ ಬಾ' ಅಂದ. 'ನಾಳೆ ಬರ್ತೀನಿ, ಇವತ್ತು ಬಂದಿದ್ದೆ ಅಂತ ಬರ್ಕೊಡ್ರಿ' ಅಂದಳು. ಅವನು ಫೈಲ್ ತೆಗೆದ. ಈ ಮಾತು ಯಾವ ಪ್ರಗತಿ ವರದಿಯ ಯಾವ ಕಾಲಂಗೆ ಬರುತ್ತೆ, ಹೇಳಿ.

ಸರ್ಕಾರಕ್ಕೂ ಚಳವಳಿಗೂ ನಡುವಿನ ಇಂಥ ಜಾಗದ ಅಪಾಯವೂ ದೊಡ್ಡದೇ. ಇದಕ್ಕೂ ಮುಂಚೆ, 1984ರಲ್ಲಿ ರಾಜಸ್ಥಾನದಲ್ಲಿ ಇದೇ ಬಗೆಯ ಕಾರ್ಯಕ್ರಮ ಶುರುವಾಗಿತ್ತು. ಅದರ 'ಸಾಥಿನ್', ಅಂದರೆ ಹಳ್ಳಿಯ ಕಾರ್ಯಕರ್ತೆ, ಆಗಿದ್ದವರು ಭಂವರಿ ದೇವಿ. ಸರ್ಕಾರ ವಹಿಸಿದ ಕೆಲಸ ಅಂತ ಬಾಲ್ಯವಿವಾಹ ತಡೆಯಲು ಹೋದರು. 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಆ ಪ್ರಕರಣದ ಬೆನ್ನಿಗೇ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂದಿದ್ದು. ಕೆಲಸ ಸರ್ಕಾರದ್ದು, ಪೆಟ್ಟು ಮಾತ್ರ ಅವರೊಬ್ಬರದ್ದು. ನಮ್ಮ ಸಹಯೋಗಿನಿಯರದ್ದೂ ಬರೀ ಗೌರವಧನ. ನನಗೆ ಈಗಲೂ ಸಿಟ್ಟು ತರಿಸೋದು ಇದೇ.

2016ರಲ್ಲಿ ಕೇಂದ್ರ ಮಹಿಳಾ ಸಮಖ್ಯಾಕ್ಕೆ ಹಣ ನಿಲ್ಲಿಸಿತು. ಉಳಿತಾಯ, ಸಾಲದ ಸಂಘಗಳನ್ನು ನಡೆಸುವ ಜೀವನೋಪಾಯ ಮಿಷನ್ ಜೊತೆ ಸೇರಿಸಿ ಅಂದಿತು. ಅಲ್ಲೂ ಸಂಘ, ಇಲ್ಲೂ ಸಂಘ, ಒಂದೇ ಅಲ್ವಾ ಅನ್ನೋ ಲೆಕ್ಕ. ಒಂದೇ ಅಲ್ಲ. ಉಳಿತಾಯ ಸಂಘದ ಸಭೆಯಲ್ಲಿ ಕಂತು ಕಟ್ಟಿದಿಯಾ ಅಂತ ಕೇಳ್ತಾರೆ. ಮೈಮೇಲೆ ಬಾಸುಂಡೆ ಯಾಕಿದೆ ಅಂತ ಕೇಳೋಕೆ ಅಲ್ಲಿ ಹೊತ್ತಿರೋದು ಕಮ್ಮಿ. ಕೇರಳ ತನ್ನ ಕಾರ್ಯಕ್ರಮವನ್ನು ಕೈಬಿಡಲಿಲ್ಲ, ತಾನೇ ಮುಂದುವರಿಸಿತು.

ಗೃಹಲಕ್ಷ್ಮಿಯ ಎರಡು ಸಾವಿರ ನನಗೆ ಬೇಡದ್ದಲ್ಲ, ಖಂಡಿತ ಬೇಕು. ಆದರೆ ಕಂತು ನಿಂತಾಗ ಅವಳ ಜೊತೆ ಬ್ಯಾಂಕಿಗೆ ಹೋಗೋರು ಯಾರು? ಆ ದುಡ್ಡನ್ನು ಗಂಡ ಕಿತ್ತುಕೊಂಡರೆ? ಸಹಯೋಗಿನಿಯರಾಗಿದ್ದ ಹೆಂಗಸರು ಈಗಲೂ ಬೀದರ್, ವಿಜಯಪುರದ ಹಳ್ಳಿಗಳಲ್ಲಿದ್ದಾರೆ. ಮುಂದಿನ ಯೋಜನೆ ಬರೆಯೋ ಮುಂಚೆ ಅವರನ್ನು ವಿಧಾನಸೌಧಕ್ಕೆ ಕರೆಸಿ. ಈ ಸಲ ಪೂರ್ತಿ ಸಂಬಳ ಕೊಟ್ಟು.